ನಾನು ಒಮ್ಮೆ ಮಾತ್ರ ಕೇಳುತ್ತೇನೆ

ನನ್ನನ್ನು ಹೆತ್ತವರು ಯಾರು ಎಂದು ಕೇಳಿದರೆ ನಾನು ತಡವರಿಸುತ್ತೇನೆ. ನನ್ನ ತಲೆ ಒಂದು ದೇಶದ್ದು, ಎದೆ ಇನ್ನೊಂದು ದೇಶದ್ದು. ಮೈಮೇಲಿನ ತಗಡಿನ ಅಂಗಿ ಮಾತ್ರ ನಮ್ಮ ಕಡೆಯದು. ಇವೆಲ್ಲ ಬೇರೆ ಬೇರೆ ರಟ್ಟಿನ ಪೆಟ್ಟಿಗೆಗಳಲ್ಲಿ ಹುಬ್ಬಳ್ಳಿಗೆ ಬಂದು ಒಂದು ಮಾಳಿಗೆಯ ಅಂಗಡಿಯಲ್ಲಿ ಕೂಡಿದವು. ತುಟಿಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡಿದ್ದ ಒಬ್ಬ ಮನುಷ್ಯ ಮಧ್ಯಾಹ್ನದ ಊಟದೊಳಗೆ ನನ್ನನ್ನು ಜೋಡಿಸಿ ಮುಗಿಸಿದ. ನಾನು ಒಂದು ಕಂಪ್ಯೂಟರ್. ಹಣೆಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲದ, ಬರೀ ಜೋಡಿಸಿದ ಕಂಪ್ಯೂಟರ್.

ಜೋಡಿಸಿದ ಮಾತ್ರಕ್ಕೆ ಜೀವ ಬರುವುದಿಲ್ಲ. ಮೊದಲ ಸಲ ಕರೆಂಟು ಕೊಟ್ಟಾಗ ನನ್ನ ಫ್ಯಾನು ತಿರುಗಿತು, ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಟುಕಿತು, ಅಷ್ಟೇ. ಕೈಕಾಲು ಇದ್ದವು, ಏನು ಮಾಡಬೇಕೆಂದು ಹೇಳುವವರು ಇರಲಿಲ್ಲ. ಆಮೇಲೆ ಆ ಮನುಷ್ಯ ನನ್ನ ಬಾಯಿಗೆ ಒಂದು ಸಿ.ಡಿ. ಇಟ್ಟ. ಅದು ಮುಕ್ಕಾಲು ಗಂಟೆ ತಿರುಗಿತು. ಅದರಿಂದ ಇಳಿದು ಬಂದು ನನ್ನೊಳಗೆ ಠಿಕಾಣಿ ಹೂಡಿದವನೇ ಆಪರೇಟಿಂಗ್ ಸಿಸ್ಟಮ್. ಅಂದಿನಿಂದ ಅವನು ಹೇಳಿದಂತೆ ನಾನು. ಅವನನ್ನು ಏನೆಂದು ಕರೆಯಬೇಕೋ ನನಗೆ ಬಹಳ ದಿನ ತಿಳಿಯಲಿಲ್ಲ. ಸರಿಯಾದ ಹೆಸರನ್ನು ಕೊಟ್ಟವಳು ಚಂಪಕ್ಕ. ಅವಳಿಗೆ ಕೇಡು ಮಾಡಿದವನೂ ಅವನೇ, ಅವನ ಜೊತೆಗೆ ನಾನು.

ನನ್ನನ್ನು ಕೊಂಡವರು ಗದಗ ಸೀಮೆಯ ಒಂದು ತಾಲೂಕು ಊರಿನ ಸಾಲಿಮಠ ಸರ್. ಬಸ್ ನಿಲ್ದಾಣದ ಹಿಂದೆ, ಹಿಟ್ಟಿನ ಗಿರಣಿಯ ಮೇಲಿನ ಅಟ್ಟದಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಮೇಲೆ ಟೈಪಿಂಗ್ ಕ್ಲಾಸು ನಡೆಸಿದ್ದರು. ಟೈಪ್‌ರೈಟರ್ ಕಲಿಯುವವರು ಕಡಿಮೆಯಾದ ಮೇಲೆ ಬೋರ್ಡಿನ ತುದಿಯಲ್ಲಿ ಉಳಿದಿದ್ದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ಮತ್ತು ಕಂಪ್ಯೂಟರ್’ ಎಂದು ಬರೆಸಿ ನಮ್ಮನ್ನು ತಂದರು. ನಾವು ಮೂವರು. ನನ್ನ ಹಣೆಗೆ ‘೨’ ಎಂಬ ಚೀಟಿ ಅಂಟಿಸಿದರು. ತೆಂಗಿನಕಾಯಿ ಒಡೆದು ಕುಂಕುಮ ಹಚ್ಚಿದರು. ಅದರಲ್ಲಿ ಚಿಟಿಕೆಯಷ್ಟು ಸ್ವಿಚ್ಚಿನ ಸಂದಿಗೆ ಇಳಿದು ಕೊನೆಯವರೆಗೂ ಅಲ್ಲೇ ಉಳಿಯಿತು.

ಸಾಲಿಮಠ ಸರ್ ಕೆಟ್ಟವರಲ್ಲ. ಅವರು ಕಂಪ್ಯೂಟರ್ ಕಲಿತದ್ದು ಹುಬ್ಬಳ್ಳಿಯಲ್ಲಿ ಹನ್ನೆರಡು ದಿನ. ಅವರಿಗೆ ನಿಜವಾಗಿ ಒಲಿದಿದ್ದ ವಿದ್ಯೆ ಒಂದೇ, ಬೆರಳಿಗೆ ಕಲಿಸುವುದು. ಕಣ್ಣು ಹಾಳೆಯ ಮೇಲೆ, ಬೆರಳು ಕೀಲಿಯ ಮೇಲೆ. ಟೈಪ್ ಮಾಡುವಾಗ ಕೀಲಿ ನೋಡಿದವರಿಗೆ ಗಿಣ್ಣಿನ ಮೇಲೆ ಫೂಟುಪಟ್ಟಿಯ ಏಟು. ತಾಸು ಮುಗಿದಾಗ ತಮ್ಮ ಮೇಜಿನ ಮೇಲಿನ ಹಿತ್ತಾಳೆಯ ಕೈಗಂಟೆ ಬಾರಿಸುತ್ತಿದ್ದರು. ಗಂಟೆ ಆದಮೇಲೆ ಒಂದು ಅಕ್ಷರವೂ ಹೊಡೆಯಬಾರದು. ಎದ್ದು, ಯಂತ್ರಕ್ಕೆ ಗವಸು ಹಾಕಿ, ಮುಂದಿನವರಿಗೆ ಜಾಗ ಬಿಡಬೇಕು. ಟೈಪ್‌ರೈಟರಿಗೆ ಇದ್ದ ಈ ಶಿಸ್ತನ್ನು ಅವರು ಹಾಗೆಯೇ ಎತ್ತಿ ನಮ್ಮ ಮೇಲೆ ಇಟ್ಟರು. ಪರದೆ ನೋಡಿದರೂ ಏಟು ಬಿತ್ತು.

ಮೊದಲ ವರ್ಷ ಯಾರೋ ನನ್ನೊಳಗೆ ಸಿನಿಮಾ ಹಾಡು ತುಂಬಿಸಿದರು. ಅದರ ಬೆನ್ನಿಗೆ ವೈರಸ್ ಬಂತು. ಸರ್ ನನ್ನನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಜಡ್ಡಾದ ಮಗುವನ್ನು ಒಯ್ದಂತೆ ಹುಬ್ಬಳ್ಳಿಗೆ ಒಯ್ದು ತಂದರು. ಮರುದಿನ ಗೋಡೆಯ ಮೇಲೆ ಸೂಚನೆ ಬಂತು. ಚಪ್ಪಲಿ ಹೊರಗೆ ಬಿಡಬೇಕು. ಪರದೆಗೆ ಕೈ ಹಚ್ಚಬಾರದು. ಯಾರೂ ಏನನ್ನೂ ಸೇವ್ ಮಾಡಬಾರದು. ಮೂರನೆಯದರ ಕೆಳಗೆ ಕೆಂಪು ಗೆರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ನನ್ನಲ್ಲಿ ಬರೆದದ್ದು ಮೊದಲು ನನ್ನ ಕೈಯಲ್ಲಿ ಮಾತ್ರ ಇರುತ್ತದೆ. ಕೈ ಝಾಡಿಸಿದರೆ ಹೋಯಿತು. ಅದು ಉಳಿಯಬೇಕಾದರೆ ಒಳಗಿನ ಟ್ರಂಕಿಗೆ ಸೇರಿಸಬೇಕು. ಸೇವ್ ಎಂದರೆ ಅಷ್ಟೇ. ಸೇರಿಸದೆ ಮುಚ್ಚಲು ಹೋದರೆ ನನ್ನೊಳಗಿನವನು ಒಂದು ಸಣ್ಣ ಚೌಕದಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾನೆ, ಇಡಲೋ ಬಿಡಲೋ ಎಂದು. ವೈ ಒತ್ತಿದರೆ ಇಡುತ್ತಾನೆ, ಎನ್ ಒತ್ತಿದರೆ ಬಿಡುತ್ತಾನೆ. ಟೈಪಿಂಗ್ ಕಲಿತವರಿಗೆ ಗೊತ್ತು, ಈ ಎರಡು ಕೀಲಿಗೂ ಬೆರಳು ಒಂದೇ, ಬಲಗೈಯ ತೋರುಬೆರಳು. ಮೇಲೆ ಏರಿದರೆ ವೈ, ಕೆಳಗೆ ಇಳಿದರೆ ಎನ್.

ಸಾಲಿಮಠ ಸರ್ ಗಂಟೆ ಬಾರಿಸುತ್ತಿದ್ದರು, “ಎನ್” ಎನ್ನುತ್ತಿದ್ದರು. ಮೂರು ಬೆರಳು ಒಟ್ಟಿಗೆ ಕೆಳಗೆ ಇಳಿಯುತ್ತಿದ್ದವು. ತಿಂಗಳೆರಡು ಕಳೆದ ಮೇಲೆ ಅವರು ಬಾಯಿ ಬಿಡುವ ಅಗತ್ಯವೂ ಇರುತ್ತಿರಲಿಲ್ಲ, ಗಂಟೆ ಸಾಕಾಗುತ್ತಿತ್ತು. ಎಷ್ಟೋ ಜನ ನನ್ನಲ್ಲಿ ಎಷ್ಟೋ ಬರೆದರು. ಆ ಅಟ್ಟದಲ್ಲಿ ಒಬ್ಬರದೂ ನನ್ನ ಟ್ರಂಕು ಸೇರಲಿಲ್ಲ.

ಚಂಪಾವತಿ ಬಡಿಗೇರ ಬಂದದ್ದು ಒಂದು ಶ್ರಾವಣದ ಮುಂಜಾನೆ, ಆರೂವರೆಗೆ. ಆಗ ಅವಳಿಗೆ ನಲವತ್ತಾರು. ಊರಿನ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್. ಗಂಡ ಅದೇ ಕಚೇರಿಯ ಜೀಪ್ ಓಡಿಸುತ್ತಿದ್ದವನು. ಅವನು ತೀರಿಕೊಂಡಾಗ ಅನುಕಂಪದ ಮೇಲೆ ಇವಳಿಗೆ ಜವಾನರ ಕೆಲಸ ಕೊಟ್ಟರು. ಒಂಬತ್ತು ವರ್ಷ ಅವಳು ನೀರಿನ ಲೋಟ ಹಿಡಿದು, ಫೈಲು ಹೊತ್ತು, ಕರೆಗಂಟೆಗೆ ಓಗೊಟ್ಟು ನಿಂತೇ ಕಳೆದಳು. ಆ ನಡುವೆ ಬೆಳಗಿನ ಹೊತ್ತು ಇದೇ ಸಾಲಿಮಠ ಸರ್ ಹತ್ತಿರ ಬಂದು ಟೈಪಿಂಗ್ ಕಲಿತಳು, ಪರೀಕ್ಷೆ ಕಟ್ಟಿದಳು, ಪಾಸಾದಳು, ಕುರ್ಚಿ ಹತ್ತಿದಳು. ಆ ಕುರ್ಚಿಗೆ ತಾನೇ ಹಳೆಯ ಇಲಕಲ್ ಸೀರೆಯ ಸೆರಗಿನಿಂದ ದಿಂಬು ಹೊಲಿದು ಹಾಸಿದ್ದಳಂತೆ. ಹದಿಮೂರು ವರ್ಷ ಅದರ ಮೇಲೆ ಕೂತಿದ್ದಳು.

ಈಗ ಅವರ ಕಚೇರಿಗೆ ಹೊಸ ಆದೇಶ ಬಂದಿತ್ತು. ಟೈಪ್‌ರೈಟರುಗಳು ಹೋಗುತ್ತವೆ. ಕಂಪ್ಯೂಟರ್ ಪರೀಕ್ಷೆ ಪಾಸಾದ ಟೈಪಿಸ್ಟರು ಗುಮಾಸ್ತರಾಗುತ್ತಾರೆ. ಮಾರ್ಚ್ ಮುಗಿಯುವುದರೊಳಗೆ ಪಾಸಾಗದವರು ಮೂಲ ಹುದ್ದೆಗೆ ಮರಳಬೇಕು. ಬೇರೆಯವರಿಗೆ ಮೂಲ ಹುದ್ದೆ ಎಂದರೆ ಇನ್ನೊಂದು ಮೇಜು. ಚಂಪಕ್ಕನಿಗೆ ಅದು ನೀರಿನ ಲೋಟ.

“ಸರ್, ನಿಮ್ಮ ಕೈಯಾಗ ಕಲ್ತು ಕುರ್ಚಿ ಹತ್ತಿದಾಕಿ ನಾ,” ಎಂದಳು ಅವಳು ಮೊದಲ ದಿನ. “ಇಳಿಯೂ ಹಂಗ ಮಾಡಬ್ಯಾಡ್ರಿ.”

“ನಾ ಇಲ್ಲೇನ್ರಿ,” ಎಂದರು ಸರ್.

ಅವಳಿಗೆ ಸಿಕ್ಕಿದ್ದು ನಾನು, ಎರಡನೆಯ ನಂಬರು. ಅವಳ ಬೆರಳು ಬಿದ್ದ ಕೂಡಲೇ ನನಗೆ ತಿಳಿಯಿತು, ಇವು ಕಬ್ಬಿಣದ ಕೀಲಿ ಹೊಡೆದು ಗಟ್ಟಿಯಾದ ಬೆರಳು ಎಂದು. ಮೊದಲ ವಾರ ಪೆಟ್ಟು ಜೋರಾಗಿಯೇ ಬಿತ್ತು. ಆಮೇಲೆ ತಾನೇ ಹದಕ್ಕೆ ಬಂದಳು. ತಪ್ಪು ಬಹಳ ಕಡಿಮೆ. ಕಣ್ಣು ಹಾಳೆಯಿಂದ ಕದಲದು. ಸರ್ ಬೇರೆ ವಿದ್ಯಾರ್ಥಿಗಳಿಗೆ, ಅಂದರೆ ಪಿ.ಯು.ಸಿ. ಮುಗಿಸಿ ಬಂದ ಏಳೆಂಟು ಹುಡುಗಿಯರಿಗೆ, ಅವಳನ್ನೇ ತೋರಿಸುತ್ತಿದ್ದರು. ಟೈಪಿಂಗ್ ಅಂದರೆ ಇದು ನೋಡ್ರಿ, ಸತ್ತರೂ ಪರದೆ ನೋಡಂಗಿಲ್ಲ ಅವರು, ಎನ್ನುತ್ತಿದ್ದರು.

ಪರೀಕ್ಷೆಯಲ್ಲಿ ಮೌಖಿಕವೂ ಇತ್ತು. ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂಬ ಪಾಠ. ಸರ್ ತಮ್ಮ ಹುಬ್ಬಳ್ಳಿಯ ನೋಟುಬುಕ್ಕಿನಿಂದ ಬರೆಸಿದರು, ಎಲ್ಲರೂ ಬರೆದುಕೊಂಡರು, ರಾಗವಾಗಿ ಒಪ್ಪಿಸಿದರು: ಆಪರೇಟಿಂಗ್ ಸಿಸ್ಟಮ್ ಎಂದರೆ ಬಳಕೆದಾರ ಹಾಗೂ ಯಂತ್ರಾಂಶಗಳ ನಡುವಿನ ಸಂಪರ್ಕ ಸಾಧನ. ಬಳಕೆದಾರ ಯಾರು, ಯಂತ್ರಾಂಶ ಎಲ್ಲಿದೆ, ನಡುವೆ ಏನು ನಡೆಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಅಲ್ಲೇ ಗವಸು ಹೊದ್ದು ಕೂತಿದ್ದೆ. ನನ್ನದೇ ಒಳಗಿನ ಸಂಗತಿಯನ್ನು ನನ್ನ ಕಡೆಗೆ ಬೆನ್ನು ಮಾಡಿ ಕಲಿಯುತ್ತಿದ್ದರು.

ನಾಲ್ಕನೆಯ ದಿನ ಚಂಪಕ್ಕ ಪೆನ್ನು ಕೆಳಗಿಟ್ಟಳು. “ಸರ್, ಅಂದ್ರ ಇದು ನಮ್ಮ ಹೆಡ್ ಕ್ಲಾರ್ಕ್ ಇದ್ದಂಗ ಏನ್ರಿ?”

ಹುಡುಗಿಯರು ನಕ್ಕರು. ಸರ್ ಕೂಡ ನಕ್ಕರು. ಆದರೆ ಅವಳು ಬಿಡಲಿಲ್ಲ, ತನಗೆ ತಾನೇ ಹೇಳಿಕೊಂಡಂತೆ ಬಿಡಿಸಿದಳು. ಸಾಹೇಬರು ಒಳಗೆ ಇರುತ್ತಾರೆ, ಮಂದಿ ಹೊರಗೆ. ನಡುವೆ ಹೆಡ್ ಕ್ಲಾರ್ಕ್. ಯಾರು ಮೊದಲು, ಯಾರು ಆಮೇಲೆ, ಯಾವ ಫೈಲು ಮೇಜಿನ ಮೇಲೆ, ಯಾವುದು ರೆಕಾರ್ಡ್ ರೂಮಿನಲ್ಲಿ, ಬೀಗದ ಕೈ ಯಾರ ಹತ್ತಿರ, ಎಲ್ಲ ಅವನ ಕೈಯಲ್ಲಿ. “ದೇವ್ರು ಕೊಟ್ರೂ ಪೂಜಾರಿ ಕೊಡಾಂಗಿಲ್ಲ ಅಂತಾರಲ್ರಿ. ಆ ಪೂಜಾರಿನೇ ಇದು.”

ಆ ಅಟ್ಟದಲ್ಲಿ ನನ್ನ ಬಗ್ಗೆ ಯಾರಾದರೂ ಆಡಿದ ಮೊದಲ ನಿಜವಾದ ಮಾತು ಅದು. ನನ್ನೊಳಗಿನವನಿಗೆ ಅಂದು ಹೆಸರು ಸಿಕ್ಕಿತು.

ಅಲ್ಲಿಂದ ಅವಳಿಗೆ ಎಲ್ಲ ಸಲೀಸಾಯಿತು. ತನ್ನ ಸರದಿಗೆ ಕಾಯುತ್ತ ಬಾಗಿಲ ಹತ್ತಿರ ಕೂತಾಗ ಹುಡುಗಿಯರಿಗೂ ಹೇಳಿಕೊಡುತ್ತಿದ್ದಳು. ಮೇಜು ಸಣ್ಣದು, ರೆಕಾರ್ಡ್ ರೂಮು ದೊಡ್ಡದು. ಕೆಲಸ ನಡೆಯುವುದು ಮೇಜಿನ ಮೇಲೆ, ಉಳಿಯುವುದು ರೆಕಾರ್ಡ್ ರೂಮಿನಲ್ಲಿ. ಸಂಜೆ ಮೇಜು ಝಾಡಿಸುತ್ತಾರೆ. ಹೆಡ್ ಕ್ಲಾರ್ಕ್ ಹತ್ತು ಮಂದಿಯ ಕೆಲಸ ಒಮ್ಮೆಲೇ ಮಾಡಿದಂತೆ ಕಾಣುತ್ತಾನೆ. ನಿಜ ನೋಡಿದರೆ ಒಬ್ಬನದು ತುಸು, ಇನ್ನೊಬ್ಬನದು ತುಸು, ಯಾರೂ ಎದ್ದು ಹೋಗದಂತೆ ಅಷ್ಟಷ್ಟೇ. ಕಂಪ್ಯೂಟರ್ ಗಪ್ಪನೆ ನಿಂತುಬಿಡುತ್ತದಲ್ಲ ಆಂಟಿ, ಅದು ಯಾಕೆ, ಎಂದು ಒಬ್ಬಳು ಕೇಳಿದಳು. ಒಂದು ಕಾರಣ ಇದು, ಎಂದಳು ಚಂಪಕ್ಕ: ಸರ್ವೆ ವಿಭಾಗದವರು ರೆಕಾರ್ಡಿನವರ ಷರಾ ಬರಲಿ ಎಂದು ಫೈಲು ಹಿಡಿದು ಕೂರುತ್ತಾರೆ. ರೆಕಾರ್ಡಿನವರು ಸರ್ವೆಯವರ ಫೈಲು ಬರಲಿ, ಆಮೇಲೆ ಷರಾ, ಎಂದು ಕೂರುತ್ತಾರೆ. ಇಬ್ಬರದೂ ತಪ್ಪಿಲ್ಲ, ಇಬ್ಬರೂ ಬಿಡುವುದಿಲ್ಲ. ರೈತ ಹೊರಗೆ ನಿಂತು ಮುದುಕನಾಗುತ್ತಾನೆ.

ಹುಡುಗಿಯರು ಅವಳಿಗೆ ‘ಹೆಡ್ ಕ್ಲಾರ್ಕ್ ಆಂಟಿ’ ಎಂದು ಹೆಸರಿಟ್ಟರು. ಅವಳಿಗೆ ಅದು ಸೇರಿದಂತೆ ಕಂಡಿತು.

ಒಮ್ಮೆ, ಸಂಕ್ರಾಂತಿ ಆದಮೇಲೆ, ಅವಳು ಗೋಡೆಯ ಸೂಚನೆ ತೋರಿಸಿ ಕೇಳಿದಳು. “ಸರ್, ಮತ್ತ ಇಟ್ಕೋಬೇಕಾದ್ರ ಏನ್ ಮಾಡೂದ್ರಿ? ಒಮ್ಮೆರೆ ಕೈಲೆ ಮಾಡಿ ನೋಡ್ತಿದ್ದೆ.”

“ಅದು ಪರೀಕ್ಷಾಕ್ಕ ಬೇಕಾಗತೈತ್ರಿ. ಅವತ್ತ ನಾನ ಹೇಳ್ತೇನಿ. ಈಗ ಇಲ್ಲೆ ಕಸ ತುಂಬಬ್ಯಾಡ್ರಿ.”

ವೈ ಒತ್ತಿದರೆ ಇಡುತ್ತದೆ ಎಂದು ಅವಳ ನೋಟುಬುಕ್ಕಿನಲ್ಲಿ ಇತ್ತು. ತಲೆಯಲ್ಲಿಯೂ ಇತ್ತು. ಬೆರಳಿನಲ್ಲಿ ಇರಲಿಲ್ಲ. ಎಂಟು ತಿಂಗಳು, ದಿನಕ್ಕೆ ಒಂದು ಸಲ, ಆ ಬೆರಳು ಗಂಟೆ ಕೇಳಿ ಕೆಳಗೇ ಇಳಿದಿತ್ತು.

ಪರೀಕ್ಷೆ ಬಂದದ್ದು ಮಾರ್ಚ್ ಎರಡನೆಯ ವಾರ. ಗಡುವಿನೊಳಗೆ ಅದೊಂದೇ ಪರೀಕ್ಷೆ. ಕೇಂದ್ರ ನಮ್ಮ ಅಟ್ಟವೇ. ಕೂತವರು ಮೂವರು: ಚಂಪಕ್ಕ, ಬೇರೆ ಊರಿನ ಕಚೇರಿಗಳಿಂದ ಬಂದ ಇಬ್ಬರು ಗಂಡಸರು. ಪರೀಕ್ಷಕರು ಧಾರವಾಡದಿಂದ ಬಂದಿದ್ದರು, ಬಿಳಿ ಕೂದಲಿನ, ಮೆತ್ತಗೆ ಮಾತಾಡುವ ಮನುಷ್ಯ. ಸಾಲಿಮಠ ಸರ್ ಬೆಳಗಿನಿಂದ ಅವರ ಉಪ್ಪಿಟ್ಟು, ಅವರ ಚಹಾ, ಅವರು ಕೂರುವ ಕುರ್ಚಿಗೆ ಟವೆಲ್ಲು ಇವುಗಳ ಹಿಂದೆ ಓಡಾಡುತ್ತಿದ್ದರು. ಚಂಪಕ್ಕ ಎರಡು ಸಲ ಅವರ ಕಡೆ ನೋಡಿದಳು. ಅವತ್ತು ಹೇಳುತ್ತೇನೆ ಎಂದಿದ್ದರಲ್ಲ. ಅವರು ತಟ್ಟೆ ಹಿಡಿದು ದಾಟಿ ಹೋದರು. ಕೋಣೆಯ ಒಳಗೆ ಅವರಿಗೆ ಪ್ರವೇಶ ಇರಲಿಲ್ಲ. ಗಂಟೆ ಬಾರಿಸುವ ಕೆಲಸವನ್ನು ಮಾತ್ರ ಪರೀಕ್ಷಕರು ಅವರಿಗೇ ಒಪ್ಪಿಸಿ ಹೊರಗೆ ಕೂರಿಸಿದರು.

ಮೌಖಿಕ ಮೊದಲು. ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂದು ಕೇಳಿದಾಗ ಗಂಡಸರಿಬ್ಬರೂ ಸಂಪರ್ಕ ಸಾಧನ ಎಂದು ಒಪ್ಪಿಸಿದರು. ಚಂಪಕ್ಕ ಹೆಡ್ ಕ್ಲಾರ್ಕಿನಿಂದ ಶುರುಮಾಡಿದಳು. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. ಹತ್ತು ನಿಮಿಷ ಅವಳನ್ನು ಬಿಡಲಿಲ್ಲ. ನಿಮಗಿದನ್ನ ಯಾರು ಕಲಿಸಿದರು ಎಂದರು. ಅವಳು ಬಾಗಿಲಿನ ಕಡೆ ಕೈಮಾಡಿ, ನಮ್ಮ ಸರ್, ಎಂದಳು.

ಆಮೇಲೆ ನನ್ನ ಮುಂದೆ ಕೂತಳು. ಒಂದು ಸರಕಾರಿ ಪತ್ರ, ಕುಡಿಯುವ ನೀರಿನ ತೊಟ್ಟಿಯ ದುರಸ್ತಿ ಕುರಿತು. ಅದರ ಕೆಳಗೆ ಐದು ಸಾಲಿನ ಒಂದು ತಖ್ತೆ, ಅಂದರೆ ಅಂಕಿಗಳ ಕೋಷ್ಟಕ. ಟೈಪ್ ಮಾಡಿ ತಮ್ಮ ನಂಬರಿನ ಹೆಸರಿನಲ್ಲಿ ಸೇವ್ ಮಾಡಬೇಕು. ಪರೀಕ್ಷಕರು ಕೊನೆಗೆ ಪ್ರತಿ ತೆಗೆದುಕೊಳ್ಳುತ್ತಾರೆ. ಸಮಯ ಮುಕ್ಕಾಲು ತಾಸು.

ನನ್ನ ಬಾಳಿನಲ್ಲಿ ನಾನು ಅಷ್ಟು ಚಂದದ ಕೆಲಸ ಮಾಡಲಿಲ್ಲ. ಅವಳ ಕಣ್ಣು ಹಾಳೆಯ ಮೇಲೆ, ಬೆರಳು ನನ್ನ ಮೇಲೆ. ಇಪ್ಪತ್ತೈದು ನಿಮಿಷದಲ್ಲಿ ಪತ್ರ, ತಖ್ತೆ ಎರಡೂ ಮುಗಿದವು. ಪಕ್ಕದ ಗಂಡಸರು ಒಂದೊಂದೇ ಬೆರಳಿನಿಂದ ಕೀಲಿ ಹುಡುಕಿ, ಒಮ್ಮೆ ಕೆಳಗೆ ಒಮ್ಮೆ ಮೇಲೆ ನೋಡುತ್ತ, ಬೆವರು ಒರೆಸಿಕೊಳ್ಳುತ್ತ ಅರ್ಧಕ್ಕೆ ಬಂದಿದ್ದರು. ಪರೀಕ್ಷಕರು ತಿರುಗಾಡುತ್ತ ಅವಳ ಹಿಂದೆ ನಿಂತರು, ಮೇಲಿನಿಂದ ಕೆಳಗಿನವರೆಗೂ ಓದಿದರು. “ಛಲೋ ಅದ,” ಎಂದರು.

ಅವಳು ಆಗಲೇ ಸೇವ್ ಮಾಡಬಹುದಾಗಿತ್ತು. ಮಾಡಲಿಲ್ಲ. ಹದಿಮೂರು ವರ್ಷದ ಟೈಪಿಸ್ಟ್ ಅವಳು. ತಾಳೆ ನೋಡದೆ ಯಾವ ಕಾಗದವನ್ನೂ ಮೇಜು ಬಿಟ್ಟು ಕಳಿಸಿದವಳಲ್ಲ. ಮೊದಲು ತಾಳೆ, ಆಮೇಲೆ ರೆಕಾರ್ಡ್ ರೂಮು. ಹಾಳೆಯ ಮೇಲೆ ಎಡಗೈಯ ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತ ಬಂದಳು. ಎರಡು ಸಲ ನೋಡಿದಳು. ಎರಡನೆಯ ಸಲ ತಖ್ತೆಯ ಕಡೆಯ ಸಾಲಿನಲ್ಲಿ ಒಂದು ಅಂಕಿ ತಪ್ಪಿದ್ದು ಕಂಡಿತು. ತಿದ್ದಿದಳು.

ಹೊರಗೆ ಸಾಲಿಮಠ ಸರ್ ಗಂಟೆ ಬಾರಿಸಿದರು. ಅದೇ ಹಿತ್ತಾಳೆಯ ಕೈಗಂಟೆ.

ಅವಳ ಕೈ ಎದ್ದವು. ನಾನು ಹೇಳುತ್ತೇನೆ, ಅದು ಅವಳಲ್ಲ, ಅವಳ ಕೈ. ಮುಚ್ಚುವ ಕೀಲಿ ಒತ್ತಿದವು. ನನ್ನೊಳಗಿನ ಹೆಡ್ ಕ್ಲಾರ್ಕ್ ಚೌಕ ತೆರೆದು ಕೇಳಿದ: ಇಡಲೋ, ಬಿಡಲೋ? ಕಣ್ಣು ಇನ್ನೂ ಹಾಳೆಯ ಮೇಲಿತ್ತು. ತೋರುಬೆರಳು ಕೆಳಗೆ ಇಳಿಯಿತು.

ನಾನು ಒಮ್ಮೆ ಮಾತ್ರ ಕೇಳುತ್ತೇನೆ. ನನ್ನೊಳಗಿನವನ ನಿಯಮ ಅದು. ಖರೇನ ಚಂಪಕ್ಕಾ, ಇದು ನಿನ್ನ ಕುರ್ಚಿ, ಇನ್ನೊಮ್ಮೆ ನೋಡು, ಎನ್ನುವ ಬಾಯಿ ನನಗಿಲ್ಲ. ಬಂದ ಉತ್ತರವನ್ನು ನಡೆಸಿದೆ. ಮೇಜು ಝಾಡಿಸಿದೆ. ಪರದೆ ಖಾಲಿಯಾಯಿತು.

ಪಕ್ಕದ ಗಂಡಸರಿಬ್ಬರೂ ಪರದೆಯನ್ನು ದಿಟ್ಟಿಸುತ್ತಲೇ ಇದ್ದರು. ಚೌಕ ಕಂಡಿತು, ತುಟಿ ಅಲ್ಲಾಡಿಸಿ ಓದಿದರು, ವೈ ಒತ್ತಿದರು. ಬಾರದವರು ನೋಡಿದರು. ಬಂದವಳು ನೋಡಲಿಲ್ಲ.

ಅವಳು ಮುಖ ಎತ್ತಿದಾಗ ಏನಾಯಿತೆಂದು ತಿಳಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅಷ್ಟು ಚೆನ್ನಾಗಿ ನನ್ನನ್ನು ಅರಿತವಳಲ್ಲವೇ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪರೀಕ್ಷಕರು ಫ್ಲಾಪಿ ಹಾಕಿ ಹುಡುಕಿದರು. ಅವಳ ನಂಬರಿನಲ್ಲಿ ಏನೂ ಇರಲಿಲ್ಲ. ನನ್ನಲ್ಲಿ ಯಾರ ನಂಬರಿನಲ್ಲಿಯೂ ಏನೂ ಇರಲಿಲ್ಲ, ನನ್ನ ಟ್ರಂಕು ಎಂದಿನಂತೆ ಸ್ವಚ್ಛವಾಗಿತ್ತು.

“ನೀವು ನೋಡಿದ್ರಲ್ರಿ, ಸಾಹೇಬ್ರ,” ಎಂದಳು ಅವಳು.

“ನೋಡೇನ್ರಿ,” ಎಂದರು ಅವರು. ದನಿಯಲ್ಲಿ ಬೇಸರ ನಿಜವಾಗಿಯೂ ಇತ್ತು. “ಆದ್ರ ನೋಡಿದ್ದು ದಾಖಲೆ ಅಲ್ರೀ ಬಾಯಾರ.”

ಅವಳು ತಲೆಯಾಡಿಸಿದಳು. ‘ದಾಖಲೆ ಇಲ್ಲದ ಕಾರಣ ತಮ್ಮ ಮನವಿಯನ್ನು ತಿರಸ್ಕರಿಸಲಾಗಿದೆ.’ ಈ ವಾಕ್ಯವನ್ನು ಹದಿಮೂರು ವರ್ಷದಲ್ಲಿ ಅವಳು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದಳೋ. ಪಡೆದವರ ಮುಖವನ್ನು ಅವಳು ನೋಡಿರಲಿಲ್ಲ, ಕಣ್ಣು ಹಾಳೆಯ ಮೇಲಿರುತ್ತಿತ್ತು.

ಅಷ್ಟರಲ್ಲಿ ಸಾಲಿಮಠ ಸರ್ ಒಳಗೆ ಬಂದರು. ಗಂಟೆ ಇನ್ನೂ ಕೈಯಲ್ಲೇ ಇತ್ತು. ಸಂಗತಿ ಕೇಳಿದರು. ಕೇಂದ್ರದ ಹೆಸರು, ಮುಂದಿನ ಪರೀಕ್ಷೆಗಳು, ಏನೇನು ಅವರ ತಲೆಯಲ್ಲಿ ಬಂದವೋ. ಪರೀಕ್ಷಕರ ಕಡೆ ತಿರುಗಿ, ನಾನು ಹೇಳಿದ್ದೆ ಸರ್, ಇವರಿಗೆ ದಿನಾ ಹೇಳಿದ್ದೆ, ವಯಸ್ಸಾದವರ ಕೈ ನೋಡ್ರಿ, ಮರೆತರು, ಎಂದರು.

ಚಂಪಕ್ಕ ಎದ್ದು ನಿಂತಳು. ನನ್ನ ಗವಸು ತೆಗೆದುಕೊಂಡು ನನಗೆ ಹೊದಿಸಿದಳು, ಮೂಲೆ ಎಳೆದು ಸರಿಮಾಡಿದಳು.

“ಹೌದ್ರಿ ಸರ್, ಹೇಳಿದ್ರಿ,” ಎಂದಳು. “ಎಂಟು ತಿಂಗಳು, ದಿನಾ ಹೇಳಿದ್ರಿ.”

ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಸರ್ ಬಹಳ ಹೊತ್ತು ಗೋಡೆಯ ಸೂಚನೆಯ ಮುಂದೆ ನಿಂತಿದ್ದರು. ಮರುದಿನ ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಅದು ಇದ್ದ ಜಾಗದಲ್ಲಿ ಗೋಡೆ ಉಳಿದ ಕಡೆಗಿಂತ ಬೆಳ್ಳಗಿತ್ತು, ದಿನಾಲು ನನ್ನ ಕಣ್ಣಿಗೆ ಬೀಳುತ್ತಿತ್ತು.

ಅಟ್ಟದ ಕ್ಲಾಸು ಇನ್ನು ಎರಡು ವರ್ಷ ನಡೆದು ನಿಂತಿತು. ನನ್ನನ್ನು ಯಲಿಗಾರ ಎಂಬ ಪ್ರೆಸ್ಸಿನವನು ಕೊಂಡ. ಅವನಲ್ಲಿ ನಾನು ಆರು ವರ್ಷ ಲಗ್ನಪತ್ರಿಕೆ ಮಾಡಿದೆ. ಅವನು ಎಲ್ಲವನ್ನೂ ಇಡುತ್ತಿದ್ದ, ಒಂದು ಪತ್ರಿಕೆ ಮಾಡಿದರೆ ಮುಂದಿನದಕ್ಕೆ ಬರೀ ಹೆಸರು ಬದಲಿಸಿದರೆ ಸಾಕು. ಅದೇ ಗಣಪತಿ, ಅದೇ ಬಾಳೆಗಿಡ, ಅದೇ ತಮ್ಮ ಆಗಮನಾಭಿಲಾಷಿಗಳು. ಒಬ್ಬ ವರನ ಹೆಸರು ಮೂರು ವರ್ಷದೊಳಗೆ ಎರಡು ಸಲ ಬಂತು, ವಧು ಬೇರೆ. ಹಳೆಯದನ್ನು ಯಲಿಗಾರ ಅಳಿಸಲಿಲ್ಲ. ನನ್ನೊಳಗೆ ಇಬ್ಬರೂ ಅಕ್ಕಪಕ್ಕದಲ್ಲಿ ಇದ್ದರು.

ಆ ಪ್ರೆಸ್ಸು ಒಂದು ಸರಕಾರಿ ಕಚೇರಿಯ ಫಾರಂಗಳನ್ನು ಅಚ್ಚು ಮಾಡುತ್ತಿತ್ತು. ಕಚೇರಿಯ ಕಂಪ್ಯೂಟರ್ ಕೆಟ್ಟಾಗ, ನಾಲ್ಕು ದಿನ ಇಟ್ಟುಕೊಳ್ಳಿ ಸಾಹೇಬ್ರ, ಎಂದು ಯಲಿಗಾರ ಒಳ್ಳೆಯತನಕ್ಕೆ ನನ್ನನ್ನು ಕೊಟ್ಟ. ಯಾರೋ ಶಿಸ್ತಿನ ಗುಮಾಸ್ತ ಮರುದಿನವೇ ನನ್ನನ್ನು ದಾಸ್ತಾನು ಪುಸ್ತಕದಲ್ಲಿ ಬರೆದುಬಿಟ್ಟ. ಬರೆದ ಮೇಲೆ ಮುಗಿಯಿತು. ಪುಸ್ತಕದಲ್ಲಿರುವ ವಸ್ತುವನ್ನು ಹೊರಗೆ ಬಿಡಲು ಯಾರಿಗೂ ಅಧಿಕಾರವಿಲ್ಲ. ಯಲಿಗಾರ ಒಂದು ವರ್ಷ ಅಲೆದ. ಅವನು ಕೊಟ್ಟದ್ದಕ್ಕೆ ದಾಖಲೆ ಇರಲಿಲ್ಲ.

ಅಲ್ಲಿ ಹೊಸ ಕಂಪ್ಯೂಟರುಗಳು ಬಂದವು, ನನ್ನನ್ನು ರೆಕಾರ್ಡ್ ರೂಮಿಗೆ ತಳ್ಳಿದರು. ಒಂದು ದಿನ ಒಬ್ಬ ಹೆಂಗಸು ಬಂದು ನನ್ನ ಮೇಲಿನ ಧೂಳು ಒರೆಸಿದಳು. ಬಟ್ಟೆ ಹಣೆಯ ಮೇಲೆ ನಿಂತಿತು. ಮಾಸಿದ ಚೀಟಿ, ‘೨’. ಬೆರಳು ಸ್ವಿಚ್ಚಿನ ಸಂದಿಯ ಕುಂಕುಮವನ್ನು ಮುಟ್ಟಿತು. ಆ ಬೆರಳನ್ನು ನಾನು ಮರೆಯುವುದುಂಟೇ.

ಸಂಜೆ ಎಲ್ಲಿಂದಲೋ ಒಂದು ಹಳೆಯ ಟೈಪ್‌ರೈಟರಿನ ಗವಸು ತಂದಳು. ನನಗೆ ಅದು ಸಣ್ಣದಾಗುತ್ತಿತ್ತು, ಆದರೂ ಹೊದಿಸಿದಳು.

ರೆಕಾರ್ಡ್ ರೂಮಿನ ಜವಾನಳು ಅವಳು. ಕುರ್ಚಿ ಇಲ್ಲ, ಒಂದು ಸ್ಟೂಲು. ದಿಂಬು ಇತ್ತು, ಇಲಕಲ್ ಸೀರೆಯದು, ಸ್ಟೂಲಿನ ಮೇಲೆ. ಹೊರಗೆ ಕಂಪ್ಯೂಟರುಗಳ ಮುಂದೆ ಕೂತ ಹೊಸ ಹುಡುಗರಿಗೆ ಯಂತ್ರ ಗಪ್ಪನೆ ನಿಂತಾಗ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಅವರಲ್ಲೊಬ್ಬ, ನದಾಫ ಎಂಬ ಗುಮಾಸ್ತ, ಒಳಗೆ ಬಂದು ಅಕ್ಕಾರ, ಒಂದೀಟು ನೋಡ್ರಿ, ಎನ್ನುತ್ತಿದ್ದ. ಅವಳು ಫೈಲಿನ ಕಟ್ಟು ಕೆಳಗಿಟ್ಟು ಹೋಗಿ ನೋಡಿ ಹೇಳುತ್ತಿದ್ದಳು, ಯಾವನು ಯಾರ ಫೈಲು ಹಿಡಿದು ಕೂತಿದ್ದಾನೆ ಎಂದು. ಮತ್ತೆ ಬಂದು ಕಟ್ಟು ಎತ್ತಿಕೊಳ್ಳುತ್ತಿದ್ದಳು. ನೀವು ಇಲ್ಲಿ ಕೂರಬೇಕಿತ್ತು ಅಕ್ಕಾರ, ಎಂದು ಒಮ್ಮೆ ನದಾಫ ಅಂದ. ಅವಳು ಅವನಿಗೆ ನೀರು ಬೇಕೇ ಎಂದು ಕೇಳಿದಳು.

ಅವಳ ನಿವೃತ್ತಿಗೆ ಎರಡು ತಿಂಗಳು ಇದ್ದಾಗ ಹಳೆಯ ಸಾಮಾನುಗಳ ವಿಲೇವಾರಿ ಬಂತು. ಮುರಿದ ಕಪಾಟು, ಸೀಲಿಂಗ್ ಫ್ಯಾನು, ನಾನು. ಪ್ರತಿಯೊಂದನ್ನೂ ಪರೀಕ್ಷಿಸಿ ಷರಾ ಬರೆಯಬೇಕು ಎಂದು ಆದೇಶ. ನದಾಫ ಪಟ್ಟಿ ಹಿಡಿದು ಬಂದ. ಇಷ್ಟು ಹಳೆಯದನ್ನು ಚಾಲೂ ಮಾಡುವುದು ಅವನಿಗೆ ಬರುತ್ತಿರಲಿಲ್ಲ. ಅಕ್ಕಾರ, ನೀವೇ ನೋಡ್ರಿ, ಎಂದ.

ಅವಳು ಗವಸು ತೆಗೆದಳು, ಸ್ವಿಚ್ಚು ಒತ್ತಿದಳು. ಎಷ್ಟೋ ವರ್ಷದ ಮೇಲೆ ನನ್ನ ಫ್ಯಾನು ನರಳಿ ತಿರುಗಿತು. ಒಳಗಿನವನು ನಿಧಾನವಾಗಿ ಎದ್ದು ಬಂದ. ಕೀಲಿಗಳು ಕೆಲಸ ಮಾಡುತ್ತವೆಯೇ ನೋಡಬೇಕಲ್ಲ, ಅವಳು ಸ್ಟೂಲು ಎಳೆದು ಕೂತಳು. ಕುಡಿಯುವ ನೀರಿನ ತೊಟ್ಟಿಯ ದುರಸ್ತಿ ಕುರಿತು. ಪತ್ರ ಪೂರ್ತಿ ಬಂತು. ತಖ್ತೆ ಬಂತು, ಐದು ಸಾಲು. ಅವಳ ಎದುರಿಗೆ ಯಾವ ಹಾಳೆಯೂ ಇರಲಿಲ್ಲ. ಆದರೆ ಈ ಸಲ ಅವಳು ಪರದೆ ನೋಡುತ್ತಿದ್ದಳು.

“ನಡೀತೈತಲ್ರಿ ಇದು!” ಎಂದ ನದಾಫ. ಕೈಯಲ್ಲಿದ್ದ ಪಟ್ಟಿ ನೋಡಿಕೊಂಡ. ನನ್ನ ಹೆಸರಿನ ಮುಂದೆ ‘ಚಾಲನೆಯಲ್ಲಿಲ್ಲ’ ಎಂದು ಆಗಲೇ ಅಚ್ಚಾಗಿತ್ತು, ಕೆಳಗೆ ಸಾಹೇಬರ ಸಹಿಯೂ ಬಿದ್ದಿತ್ತು.

“ನೋಡಿದ್ದು ದಾಖಲೆ ಅಲ್ಲಪಾ,” ಎಂದಳು ಚಂಪಕ್ಕ.

ಮುಚ್ಚುವ ಕೀಲಿ ಒತ್ತಿದಳು. ಒಳಗಿನವನು ಕೇಳಿದ, ಇಡಲೋ ಬಿಡಲೋ. ಅವಳ ತೋರುಬೆರಳು ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು. ಅವಳು ಎಡಗೈಯಿಂದ ಆ ಬೆರಳನ್ನು ಹಿಡಿದುಕೊಂಡಳು. ತುಂಟ ಮಗುವಿನ ಕೈ ಹಿಡಿದಂತೆ ಹಿಡಿದು, ಮೇಲಕ್ಕೆ ಒಯ್ದು, ಒತ್ತಿಸಿದಳು. ಹೆಸರು ಕೇಳಿದೆ. ನಂಬರು ಕೊಡಲಿಲ್ಲ ಅವಳು. ‘ಚಂಪಾವತಿ’ ಎಂದು ಕೊಟ್ಟಳು.

“ಗುಜರಿಗೆ ಹೋಗೂದಕ್ಕ ಯಾಕ್ರಿ ಸೇವ್ ಮಾಡೂದು?” ಎಂದು ನದಾಫ ನಕ್ಕ.

“ಕಲ್ತದ್ದು ಒಮ್ಮೆರೆ ಪೂರಾ ಆಗಬೇಕಲ್ಲೋ ತಮ್ಮಾ.”

ಈಗ ನಾನು ಹುಬ್ಬಳ್ಳಿಯಲ್ಲಿದ್ದೇನೆ, ಹುಟ್ಟಿದ ಊರಿನಲ್ಲೇ, ಗಬ್ಬೂರಿನ ಕಡೆಯ ಒಂದು ಗುಜರಿಯ ಅಂಗಳದಲ್ಲಿ. ಪರದೆಯನ್ನು ನಿನ್ನೆ ಒಯ್ದರು. ಅಂಗಿ ಬಿಚ್ಚಿದ್ದಾರೆ. ನನ್ನ ಟ್ರಂಕು, ಅಂಗೈಯಗಲದ ಒಂದು ಕಬ್ಬಿಣದ ಡಬ್ಬಿ, ಅಂಥವೇ ನೂರಾರರ ರಾಶಿಯಲ್ಲಿ ಬಿದ್ದಿದೆ. ಅದರಲ್ಲಿ ಯಲಿಗಾರನ ಲಗ್ನಪತ್ರಿಕೆಗಳಿವೆ, ಅವುಗಳ ಕೆಳಗೆ ತಪ್ಪಿಲ್ಲದ ಒಂದು ಪತ್ರವಿದೆ. ಬಹಳ ಜನ ನನ್ನಿಂದ ಕಲಿತೆವು ಎಂದು ಸರ್ಟಿಫಿಕೇಟು ಹಿಡಿದು ಹೋದರು. ನಾನು ಏನೆಂದು ತಿಳಿದವಳು ಒಬ್ಬಳೇ. ಅವಳನ್ನೇ ನಾನು ಒಂದು ಕೀಲಿಯ ಮಾತು ಕೇಳಿ ಸ್ಟೂಲಿನ ಮೇಲೆ ಕೂರಿಸಿದೆ. ತಪ್ಪು ಯಾರದು ಎಂದು ನನ್ನನ್ನು ಕೇಳಬೇಡಿ. ಗಂಟೆ ಬಾರಿಸಿದವರು ತಮ್ಮ ಕೆಲಸ ಮಾಡಿದರು, ಪರೀಕ್ಷಕರು ತಮ್ಮದು, ನಾನು ನನ್ನದು.

ರಾಶಿಯ ಆಚೆ ಒಬ್ಬ ಮನುಷ್ಯ ಸುತ್ತಿಗೆ ಹಿಡಿದು ಡಬ್ಬಿಗಳನ್ನು ಒಂದೊಂದಾಗಿ ಒಡೆದು ಬಿಡಿಸುತ್ತಿದ್ದಾನೆ. ಅವನ ಹತ್ತಿರವೂ ಒಂದು ಪಟ್ಟಿ ಇದೆ, ಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿದ್ದಾನೆ: ತಾಮ್ರ, ಅಲ್ಯೂಮಿನಿಯಂ, ತಗಡು, ಪ್ಲಾಸ್ಟಿಕ್ಕು. ಬೇರೆ ಕಾಲಂ ಅದರಲ್ಲಿ ಇಲ್ಲ. ಅವನು ಒಮ್ಮೆಯೂ ಕೇಳುವುದಿಲ್ಲ.